ಎಡೆಕುಂಟೆಯಿಂದ ಟಿಲ್ಲರ್‌ವರೆಗೆ: ಸಾಲಿನ ನಡುವಿನ ಕಳೆಯ ಕಥೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ತರುತ್ತಿರುವ ಈ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕು ಅಂತ ಅಧ್ಯಕ್ಷರು ತಾಕೀತು ಮಾಡಿದ್ದಾರೆ. ಸಂಘ ಹುಟ್ಟಿದ ಬಗೆ, ಷೇರು ಕೂಡಿಸಿದ್ದು, ಗೋದಾಮು ಕಟ್ಟಿಸಿದ್ದು, ಇವನ್ನೆಲ್ಲ ನನಗಿಂತ ಬಲ್ಲ ಹಿರಿಯರು ಬರೆಯುತ್ತಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ನಿಂತಿರುವ ಎರಡು ಕಳೆ ಟಿಲ್ಲರ್. ಅದರ ಉಸ್ತುವಾರಿ ನನ್ನದೇ ಆದ್ದರಿಂದ ಅದರ ಬಗ್ಗೆಯೇ ಬರಿ ಎಂದರು. ಬರೆಯಲು ಕೂತಾಗ, ಈ ಯಂತ್ರ ಎಲ್ಲಿಂದ ಬಂತು, ಇದಕ್ಕೂ ಮುಂಚೆ ನಮ್ಮವರು ಸಾಲಿನ ನಡುವೆ ಏನು ಮಾಡುತ್ತಿದ್ದರು ಎಂಬುದನ್ನು ಹೇಳದೆ ಬರೀ ಆಯಿಲ್ಲು, ಬ್ಲೇಡಿನ ಮಾತಾಡಿದರೆ ರುಚಿ ಇರುವುದಿಲ್ಲ ಅನ್ನಿಸಿತು. ಹಾಗಾಗಿ ಸ್ವಲ್ಪ ದೂರದಿಂದಲೇ ಶುರು ಮಾಡುತ್ತೇನೆ.

ಸಾಲು ಇದ್ದರೆ ತಾನೆ ಸಾಲಿನ ನಡುವೆ ಕಳೆ ತೆಗೆಯುವ ಮಾತು? ಬೀಜವನ್ನು ಕೈಯಲ್ಲಿ ಎರಚಿದರೆ ಕಳೆ ಕೀಳಲು ಕುಕ್ಕರಗಾಲಿನಲ್ಲಿ ಕೂತು ಕುರ್ಚಿಗೆ ಹಿಡಿಯುವುದೊಂದೇ ದಾರಿ. ಸಾಲಿನಲ್ಲಿ ಬಿತ್ತಿದಾಗ ಮಾತ್ರ ಎತ್ತೋ ಚಕ್ರವೋ ಎಂಜಿನ್ನೋ ನಡುವೆ ನುಗ್ಗಲು ಜಾಗ ಸಿಗುತ್ತದೆ. ಹೀಗಾಗಿ ಇವತ್ತಿನ ಟಿಲ್ಲರಿನ ಮೂಲ ಹುಡುಕಿದರೆ ಅದು ಎಂಜಿನ್ನಿಗೆ ಹೋಗಿ ಮುಟ್ಟುವುದಿಲ್ಲ, ನಮ್ಮ ಅಜ್ಜಂದಿರ ಕೂರಿಗೆಗೆ ಹೋಗಿ ಮುಟ್ಟುತ್ತದೆ.

ಕೂರಿಗೆ ನೋಡದ ಮಕ್ಕಳು ಈಗ ಊರಲ್ಲೇ ಇದ್ದಾರೆ, ಅವರಿಗಾಗಿ ಎರಡು ಮಾತು. ಒಂದು ಮರದ ದಿಂಡು, ಅದಕ್ಕೆ ಮೂರೋ ನಾಲ್ಕೋ ಆರೋ ತಾಳು, ಪ್ರತಿ ತಾಳಿಗೆ ಒಂದು ಬಿದಿರಿನ ಕೊಳವೆ, ಎಲ್ಲ ಕೊಳವೆಗಳೂ ಮೇಲೆ ಒಂದು ಮರದ ಬಟ್ಟಲಿಗೆ ಬಂದು ಸೇರುತ್ತವೆ. ಬಟ್ಟಲಿಗೆ ಬೀಜ ಬಿಡುವ ಕೈ ಸಾಮಾನ್ಯವಾಗಿ ಹೆಂಗಸರದು. ಮುಷ್ಟಿಯಿಂದ ಬೀಜ ಜಾರುವ ವೇಗ, ಎತ್ತಿನ ಹೆಜ್ಜೆ, ಎರಡೂ ಕೂಡಬೇಕು. ನಮ್ಮ ಅಜ್ಜಿ ಬಿಟ್ಟ ಸಾಲಿನಲ್ಲಿ ಒಂದು ಕಡೆ ಗುಂಪು ಒಂದು ಕಡೆ ಬೋಳು ಇರುತ್ತಿರಲಿಲ್ಲ ಅಂತ ಈಗಲೂ ಮನೆಯಲ್ಲಿ ಹೇಳುತ್ತಾರೆ. ತಾಳಿಂದ ತಾಳಿಗೆ ಇರುವ ಅಂತರವೇ ಸಾಲಿನ ಅಂತರ. ಅದೇ ಅಂತರಕ್ಕೆ ಹೊಂದುವಂತೆ ಬಡಿಗೇರನು ಎಡೆಕುಂಟೆ ಮಾಡಿಕೊಡುತ್ತಿದ್ದ. ಕೂರಿಗೆಗೂ ಎಡೆಕುಂಟೆಗೂ ಅಳತೆ ಒಂದೇ ಕೋಲು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಟಿಲ್ಲರಿನ ವಿಷಯದಲ್ಲಿ ನಾವು ಎಡವಿದ್ದೇ ಇಲ್ಲಿ.

ಎಡೆಕುಂಟೆ ಅಂದರೆ ಕುಂಟೆಯ ಮರಿ. ಚಿಕ್ಕ ದಿಂಡು, ಅಗಲ ಕಡಿಮೆಯ ಕಬ್ಬಿಣದ ಕುಡ, ಹಿಡಿಯಲು ಮೇಳಿ. ಒಂದೇ ಜೋಡಿ ಎತ್ತಿಗೆ ಎರಡು, ಕೆಲವರು ಮೂರು ಎಡೆಕುಂಟೆ ಕಟ್ಟುತ್ತಿದ್ದರು, ಒಂದೊಂದಕ್ಕೆ ಒಬ್ಬೊಬ್ಬ ಆಳು. ಎತ್ತು ಬೆಳೆಗೆ ಬಾಯಿ ಹಾಕದಂತೆ ಮೂತಿಗೆ ಕುಕ್ಕೆ. ಕುಡ ಮಣ್ಣಿನೊಳಗೆ ಎರಡು ಅಂಗುಲದಲ್ಲಿ ಮಟ್ಟಸವಾಗಿ ಸಾಗುತ್ತದೆ, ಕಳೆಯ ಬೇರನ್ನು ಕತ್ತರಿಸುತ್ತದೆ, ಮಣ್ಣನ್ನು ತಿರುವಿ ಹಾಕುವುದಿಲ್ಲ. ಮೇಲೆ ಪುಡಿ ಮಣ್ಣಿನ ಒಂದು ಹೊದಿಕೆ ಉಳಿದು ಕೆಳಗಿನ ಹಸಿ ಆರದಂತೆ ಕಾಯುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ, 1992-93ರ ಸುಮಾರಿಗೆ, ಶಾಲೆ ತಪ್ಪಿಸಿ ಎಡೆ ಹೊಡೆಯಲು ಹೋಗುತ್ತಿದ್ದೆ. ಮೇಳಿ ಮೇಲೆ ಭಾರ ಹಾಕಿದರೆ ಅಪ್ಪ ಬೈಯುತ್ತಿದ್ದರು. "ಅದೇನು ಬಾವಿ ತೋಡ್ತೀಯಾ? ಬೇರು ಕೆಳಗೈತೆ, ಕಳೆ ಮೇಲೈತೆ" ಅನ್ನೋರು. ಅವರು ಶಾಲೆಯ ಮುಖ ಕಂಡವರಲ್ಲ. ಆದರೆ ಮೇಲ್ಮಣ್ಣಲ್ಲೇ ಹರಡುವ ಬೆಳೆಯ ಸಣ್ಣ ಬೇರುಗಳ ಲೆಕ್ಕ ಅವರಿಗೆ ಗೊತ್ತಿತ್ತು.

ಇದೆಲ್ಲ ಎಷ್ಟು ಹಳೆಯದು ಅಂದರೆ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬಂದ. ಎಲ್ಲಿ ಏನು ಬೆಳೆಯುತ್ತಾರೆ, ಎಷ್ಟು ಸಲ ಉಳುತ್ತಾರೆ, ಯಾವ ಸಲಕರಣೆ ಬಳಸುತ್ತಾರೆ ಎಂದು ದಿನಚರಿ ಬರೆದ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಅದರಲ್ಲಿ ನಮ್ಮ ಕೂರಿಗೆ, ಕುಂಟೆಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬಂದಿವೆ. ರಾಗಿ ಹೊಲದಲ್ಲಿ ಎತ್ತು ಕಟ್ಟಿ ಸಾಲಿನ ನಡುವೆ ಹರಗುವ ಪದ್ಧತಿಯನ್ನು ಆತ ಕಣ್ಣಾರೆ ಕಂಡು ಬರೆದಿದ್ದಾನೆ. ಅಂದರೆ ಇನ್ನೂರಿಪ್ಪತ್ತು ವರ್ಷಕ್ಕೂ ಹಿಂದೆ ಇದು ಇಲ್ಲಿ ಹೊಸ ಸುದ್ದಿಯಲ್ಲ, ದಿನದ ಕೆಲಸ.

ಅತ್ತ ಇಂಗ್ಲೆಂಡಿನಲ್ಲಿ ಆಗ ಬಹುಪಾಲು ರೈತರು ಇನ್ನೂ ಬೀಜ ಎರಚುತ್ತಿದ್ದರು. ಅಲ್ಲಿ ಜೆತ್ರೋ ಟಲ್ ಎಂಬುವನು 1701ರಲ್ಲಿ ಒಂದು ಬಿತ್ತನೆ ಯಂತ್ರ ಮಾಡಿ ಸಾಲಿನಲ್ಲಿ ಬಿತ್ತಿದ, ನಡುವೆ ಕುದುರೆ ಕಟ್ಟಿದ ಕುಂಟೆ ಓಡಿಸಿದ. 1731ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ತಮಾಷೆ ಏನೆಂದರೆ ಆತನ ಕೆಲಸ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಮಣ್ಣನ್ನು ನುಣ್ಣಗೆ ಪುಡಿ ಮಾಡಿದರೆ ಗಿಡದ ಬೇರು ಆ ಮಣ್ಣಿನ ಕಣವನ್ನೇ ತಿನ್ನುತ್ತದೆ, ಗೊಬ್ಬರ ಅಷ್ಟೇನೂ ಬೇಕಿಲ್ಲ ಎಂದು ನಂಬಿದ್ದ. ಬೆಳೆ ಚೆನ್ನಾಗಿ ಬಂದದ್ದು ಕಳೆ ಹೋದದ್ದರಿಂದ. ನಮ್ಮಲ್ಲೂ ಟಿಲ್ಲರ್ ಹೊಡೆದು ಮಣ್ಣು ಹಿಟ್ಟಾದರೆ "ಆಹಾ, ಭೂಮಿ ಹೂವಾಯ್ತು" ಅಂತ ಸಂತೋಷಪಡುವವರು ಇದ್ದಾರೆ. ಹಿಟ್ಟಾದ ಮಣ್ಣು ಮೊದಲ ಜೋರು ಮಳೆಗೆ ಕೊಚ್ಚಿಹೋಗುತ್ತದೆ, ಇಲ್ಲವೇ ಮೇಲೆ ಹಪ್ಪಳ ಕಟ್ಟುತ್ತದೆ. ಮುನ್ನೂರು ವರ್ಷದ ಹಿಂದಿನ ತಪ್ಪು ಇನ್ನೂ ಜೀವಂತ ಇದೆ ಅಂತಾಯಿತು.

ಹಾಗಂತ ನಮ್ಮದೇ ಮೊದಲು, ನಮ್ಮದೇ ದೊಡ್ಡದು ಎಂದು ಎದೆ ತಟ್ಟಿಕೊಳ್ಳಲು ನಾನು ಇದನ್ನು ಹೇಳುತ್ತಿಲ್ಲ. 1889ರ ಕೊನೆಯಿಂದ ಒಂದು ವರ್ಷದ ಮೇಲೆ ಇಂಡಿಯಾ ಸುತ್ತಿದ ವೋಲ್ಕರ್ ಎಂಬ ಇಂಗ್ಲಿಷ್ ರಸಾಯನ ತಜ್ಞ, ಹೊಲವನ್ನು ಕಳೆಯಿಲ್ಲದಂತೆ ಶುಚಿಯಾಗಿಡುವುದರಲ್ಲಿ ಇಲ್ಲಿನ ರೈತರನ್ನು ಮೀರಿಸುವವರನ್ನು ಕಂಡಿಲ್ಲವೆಂಬರ್ಥದಲ್ಲಿ 1893ರ ವರದಿಯಲ್ಲಿ ಹೊಗಳಿದ್ದಾನೆ. ಹೊಗಳಿಕೆ ಸರಿ. ಆದರೆ ಆ ಶುಚಿಯ ಹಿಂದೆ ಎಷ್ಟು ಹೆಂಗಸರ ಸೊಂಟ ಬಗ್ಗಿತ್ತು ಎಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಎಡೆಕುಂಟೆ ಸಾಲಿನ ನಡುವಿನದನ್ನು ತೆಗೆಯುತ್ತದೆ, ಗಿಡದ ಬುಡದ್ದನ್ನು ಯಾವಾಗಲೂ ಕೈಯೇ ತೆಗೆಯಬೇಕು. ಆ ಕೈ ಹೆಂಗಸಿನದು, ಕೂಲಿ ಗಂಡಸಿಗಿಂತ ಕಡಿಮೆ.

ಗದ್ದೆಯ ಕಡೆ ಬೇರೆ ಕಥೆ. ಜಪಾನಿನಲ್ಲಿ 1892ರಲ್ಲಿ ನಾಕಾಯಿ ತಾಯಿಚಿರೊ ಎಂಬುವರು ಗದ್ದೆಯ ಸಾಲಿನ ನಡುವೆ ತಳ್ಳಿಕೊಂಡು ಹೋಗುವ ಹಲ್ಲಿನ ಚಕ್ರ ಮಾಡಿದರು. ನಮ್ಮಲ್ಲಿ 1950ರ ದಶಕದಲ್ಲಿ ಜಪಾನ್ ಪದ್ಧತಿ ಭತ್ತದ ಪ್ರಚಾರ ನಡೆದಾಗ ಅದೇ ಜಾತಿಯ ವೀಡರ್ ಬಂತು. ಈಗ ಶ್ರೀ ಪದ್ಧತಿಯವರು ಕೋನೋ ವೀಡರ್ ಅಂತ ತಳ್ಳುವುದೂ ಅದರ ಮೊಮ್ಮಗನೇ. ನಮ್ಮದು ಮಳೆ ಆಶ್ರಿತ ಹೊಲವಾದ್ದರಿಂದ ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಇನ್ನು ಎಂಜಿನ್ನಿನ ಕಥೆ. ಇದು ನನಗೆ ಬಹಳ ಇಷ್ಟವಾದದ್ದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಗಿಲ್‌ಗಾಂಡ್ರಾ ಎಂಬ ಊರು. ಅಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ರೈತನ ಮಗ, ಇನ್ನೂ ಇಪ್ಪತ್ತು ತುಂಬದ ಹುಡುಗ, 1912ರಲ್ಲಿ ಅಪ್ಪನ ಹೊಲದಲ್ಲಿ ಅಪ್ಪನದೇ ಉಗಿ ಎಂಜಿನ್ನಿನಿಂದ ಶಕ್ತಿ ತೆಗೆದು ಮಣ್ಣನ್ನು ತಿರುಗುವ ಅಲಗಿನಿಂದ ಅಗೆಯಬಹುದೇ ಎಂದು ನೋಡಿದ. ಅಗೆಯಿತು. ನೇಗಿಲಿನ ಹಾಗೆ ಕೆಳಮಣ್ಣನ್ನು ಒತ್ತಿ ಗಟ್ಟಿ ಮಾಡಲೂ ಇಲ್ಲ. ಆದರೆ ಮಣ್ಣನ್ನೆಲ್ಲ ಪಕ್ಕಕ್ಕೆ ಎಸೆಯತೊಡಗಿತು. ಆಗ ಆತ ಅಲಗಿನ ತುದಿಯನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಗ್ಗಿಸಿದ, ಅವುಗಳನ್ನು ಒಂದು ಸಣ್ಣ ದಪ್ಪದ ಶಾಫ್ಟಿನ ಮೇಲೆ ದೂರದೂರಕ್ಕೆ ಕೂರಿಸಿದ. ಸಮಸ್ಯೆ ತೀರಿತು. ಮಹಾಯುದ್ಧ ಬಂದು ಕೆಲಸ ನಿಂತು, ಮತ್ತೆ 1920ರಲ್ಲಿ ಪೆಟ್ರೋಲ್ ಎಂಜಿನ್ ಸಹಿತ ಪೇಟೆಂಟ್ ಪಡೆದು, 1922ರಲ್ಲಿ ಕಂಪನಿ ಕಟ್ಟಿ, 1938ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲೂ ಕಾರ್ಖಾನೆ ಹಾಕಿದ. ನಮ್ಮ ಶೆಡ್ಡಿಗೆ ಹೋಗಿ ಟಿಲ್ಲರ್ ಬಗ್ಗಿಸಿ ನೋಡಿ, ಅಲಗು ಇವತ್ತಿಗೂ ಎಲ್ ಆಕಾರವೇ.

ಹೆಚ್ಚು ಕಡಿಮೆ ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫೊನ್ ಮೇಯೆನ್‌ಬುರ್ಗ್ ಎಂಬುವರು ಸ್ಪ್ರಿಂಗಿನ ಉಗುರುಗಳಿರುವ ಇನ್ನೊಂದು ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಅದನ್ನು ಜರ್ಮನಿಯ ಸೀಮೆನ್ಸ್ ಕಂಪನಿಯವರು ತಯಾರಿಸಿದರು. 1930ರ ದಶಕದಲ್ಲಿ ಕೆಲ್ಸಿ ಎಂಬ ವ್ಯಾಪಾರಿ ಆ ಯಂತ್ರವನ್ನು ಅಮೆರಿಕಕ್ಕೆ ಒಯ್ದು ರೋಟೋಟಿಲ್ಲರ್ ಎಂಬ ಹೆಸರಲ್ಲಿ ಮಾರಿದ. ಮೃದುವಾದ ಯೂರೋಪಿನ ಮಣ್ಣಿಗೆ ಒಗ್ಗಿದ್ದು ಕಲ್ಲಿರುವ ಹೊಲಕ್ಕೆ ಒಗ್ಗದೆ ಗಟ್ಟಿ ಮಾಡಬೇಕಾಯಿತು. ತೋಟದ ಸಣ್ಣ ಟಿಲ್ಲರ್ ಅಲ್ಲಿಂದ ಮನೆಮನೆಗೆ ಹೋಯಿತು. ಜಪಾನಿನಲ್ಲಿ ಸಣ್ಣ ಹಿಡುವಳಿಗಳಾದ್ದರಿಂದ ಯುದ್ಧದ ನಂತರ ಕೈ ಟಿಲ್ಲರ್ ಬಹಳ ಬೇಗ ಹರಡಿತು. ಮೋಟರ್‌ಸೈಕಲ್ಲಿನ ಹೋಂಡಾ ಕೂಡ 1959ರಲ್ಲಿ ಎಫ್-150 ಎಂಬ ಟಿಲ್ಲರ್ ಬಿಟ್ಟಿತು. ಅಲ್ಲಿಂದ ನಮ್ಮ ಬೆಂಗಳೂರಿಗೆ ದಾರಿ ಹತ್ತಿರ. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಪವರ್ ಟಿಲ್ಲರ್ ಮಾಡಲು ಶುರುವಾಯಿತು. 1973ರಲ್ಲಿ ಕೇರಳದ ಅತ್ತಾಣಿಯಲ್ಲಿ ಸರ್ಕಾರದ ಕಾಮ್ಕೋ ಕಂಪನಿ ಕುಬೋಟಾದ ಸಹಕಾರದಿಂದ ಬಂತು. ಆದರೆ ಇವು ಡೀಸೆಲ್ಲಿನ ದೊಡ್ಡ ಟಿಲ್ಲರ್‌ಗಳು, ಗದ್ದೆ ಉಳಲು, ಟ್ರೈಲರ್ ಎಳೆಯಲು ಸರಿ. ಮೆಕ್ಕೆಜೋಳದ ಸಾಲಿನ ನಡುವೆ ನುಗ್ಗುವ ಐದು, ಏಳು ಅಶ್ವಶಕ್ತಿಯ ಪೆಟ್ರೋಲ್ ವೀಡರ್‌ಗಳು ನಮ್ಮ ಕಡೆ ಕಾಣಿಸಿಕೊಂಡದ್ದು ಬಹಳ ಈಚೆಗೆ. 2014-15ರಲ್ಲಿ ರಾಜ್ಯದ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಶುರುವಾದಾಗ ನಮ್ಮಲ್ಲಿ ಹಲವರು ಮೊದಲ ಸಲ ಇವನ್ನು ಮುಟ್ಟಿ ನೋಡಿದರು.

ಅಷ್ಟರಲ್ಲಿ ಊರಲ್ಲಿ ಎತ್ತು ಮುಗಿದಿದ್ದವು. ನಾನು ಎಡೆ ಹೊಡೆಯುತ್ತಿದ್ದ ಕಾಲಕ್ಕೆ ನಮ್ಮ ಕೇರಿಯೊಂದರಲ್ಲೇ ಹತ್ತು ಹನ್ನೆರಡು ಜೋಡಿ ಇದ್ದವು. ಈಗ ಇಡೀ ಊರಿಗೆ ಮೂರು ಜೋಡಿ. ಉಳುಮೆ, ಬಿತ್ತನೆ ಟ್ರ್ಯಾಕ್ಟರಿಗೆ ಹೋದ ಮೇಲೆ ವರ್ಷದಲ್ಲಿ ಹದಿನೈದು ದಿನದ ಎಡೆಗೆ ಮಾತ್ರ ಎತ್ತು ಸಾಕುವವರು ಯಾರು? ಕೆಲವರು ಹಳೆ ಸೈಕಲ್ಲಿನ ಮುಂದಿನ ಚಕ್ರಕ್ಕೆ ಕುಡ ಕಟ್ಟಿ ಸೈಕಲ್ ಕುಂಟೆ ಮಾಡಿಕೊಂಡರು. ಅರ್ಧ ಎಕರೆಯವರಿಗೆ ಅದು ನಿಜಕ್ಕೂ ಒಳ್ಳೆಯ ಸಾಧನ, ನಗಬೇಡಿ. ಉಳಿದವರು ಕಳೆನಾಶಕದ ಡಬ್ಬಿ ಹಿಡಿದರು.

ಸಂಘದಿಂದ ಒಂದು ಕಳೆ ಟಿಲ್ಲರ್ ತಂದು ಗಂಟೆ ಬಾಡಿಗೆಗೆ ಕೊಡೋಣ ಎಂಬ ಮಾತು 2017ರ ಸಭೆಯಲ್ಲಿ ಬಂತು. ತಂದವನು ನಾನೇ, ಅಂದರೆ ಠರಾವು ಮಂಡಿಸಿದವನು. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ್ದು ಒಬ್ಬೊಬ್ಬರಿಗೆ ಆಗದ್ದು ಕೂಡಿದರೆ ಆಗುತ್ತದೆ ಅಂತ ತಾನೆ, ಸಾಲ ಕೊಡುವ ಸಂಘ ಯಂತ್ರ ಯಾಕೆ ಕೊಡಬಾರದು ಎಂದು ಭಾಷಣವನ್ನೇ ಮಾಡಿದೆ. ಸಭೆಯಲ್ಲಿ ವಿರೋಧ ಬಂದದ್ದು ಒಂದೇ ಕಡೆಯಿಂದ. ಕಳೆ ಕೂಲಿಗೆ ಹೋಗುವ ಇಬ್ಬರು ಸದಸ್ಯೆಯರು ಎದ್ದು, "ನಮ್ಮ ಆಷಾಢದ ಕೂಲಿ ಕಿತ್ಕೊಳ್ಳೋಕೆ ನಮ್ಮದೇ ಷೇರು ಹಣಾನಾ?" ಎಂದರು. ಕೂಲಿ ಆಳು ಸಿಗುತ್ತಿಲ್ಲ ಎಂದು ನಾವು, ಕೊಡುವ ಕೂಲಿಗೆ ಬರುತ್ತಿಲ್ಲ ಅಷ್ಟೇ ಎಂದು ಅವರು. ಅವರ ಮಾತಿನಲ್ಲಿ ಹುರುಳಿತ್ತು. ಬುಡದ ಕಳೆಗೆ ಅವರೇ ಬೇಕಾಗುತ್ತದೆ, ಕೆಲಸ ಪೂರ್ತಿ ಹೋಗುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅದು ಅರ್ಧ ಮಾತ್ರ ನಿಜವಾಯಿತು. ಎಂಟು ಜನರ ಜಾಗಕ್ಕೆ ಈಗ ಮೂವರು ಬರುತ್ತಾರೆ. ಆ ಮೂವರ ಕೂಲಿ ಏರಿದೆ. ಉಳಿದ ಐವರು ಗಾರ್ಮೆಂಟ್ಸಿಗೆ ವ್ಯಾನ್ ಹತ್ತುತ್ತಾರೆ.

ಯಂತ್ರ ಬಂತು. ಮಾರಿದವರ ಕಡೆಯ ಹುಡುಗ ಬಂದು ಹತ್ತು ನಿಮಿಷ ಓಡಿಸಿ ತೋರಿಸಿ, ಪುಸ್ತಕ ಕೊಟ್ಟು ಹೋದ. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಬೀರುವಿನಲ್ಲಿಟ್ಟೆ.

ಮೊದಲ ವರ್ಷ ಯಾರೂ ಹೆಚ್ಚು ಮುಟ್ಟಲಿಲ್ಲ. ಅಲ್ಲೇ ನಮಗೆ ಕೋಲಿನ ಪಾಠ ಆಯಿತು. ಯಂತ್ರದ ಅಲಗಿನ ಅಗಲ ಒಂದೂವರೆ ಅಡಿ. ಮೆಕ್ಕೆಜೋಳದ ಸಾಲು ಎರಡು ಅಡಿ ಇದ್ದವರ ಹೊಲದಲ್ಲಿ ಎರಡೂ ಕಡೆ ಮೂರು ಮೂರು ಅಂಗುಲ ಬಿಟ್ಟು ಸರಾಗವಾಗಿ ಹೋಯಿತು. ರಾಗಿ, ಶೇಂಗಾ ಒಂದಡಿ ಸಾಲಿನವರು ಬಾಡಿಗೆಗೆ ಬಂದು ಬರಿಗೈಲಿ ಹೋದರು. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತಿಸುವಾಗ ಬಾಡಿಗೆಯವನು ಅವಸರದಲ್ಲಿ ಎರಡು ಸುತ್ತಿನ ನಡುವಿನ ಸಾಲನ್ನು ಒಂದು ಕಡೆ ಒಂದಡಿ, ಒಂದು ಕಡೆ ಮೂರಡಿ ಬಿಟ್ಟಿರುತ್ತಾನೆ. ಅಲ್ಲಿ ಟಿಲ್ಲರ್ ಬೆಳೆಯನ್ನೇ ಉತ್ತು ಹಾಕಿತು. ಬಡಿಗೇರನ ಕಾಲದಲ್ಲಿ ಬಿತ್ತುವುದಕ್ಕೂ ಎಡೆಗೂ ಒಂದೇ ಕೋಲಿತ್ತು. ಈಗ ಬಿತ್ತುವ ಯಂತ್ರ ಒಬ್ಬರದು, ಎಡೆಯ ಯಂತ್ರ ಇನ್ನೊಬ್ಬರದು, ಕೋಲು ಯಾರದ್ದೂ ಅಲ್ಲ.

ಎರಡನೆಯ ವರ್ಷ, 2018ರ ಮುಂಗಾರಿನಲ್ಲಿ, ಎಲ್ಲರೂ ಎರಡಡಿ ಸಾಲು ಬಿತ್ತಿಸಿ ಸಾಲುಗಟ್ಟಿ ನಿಂತರು. ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ನನಗೇ ಆಮೇಲೆ ಹೊಳೆದದ್ದು. ಒಂದು ಎಕರೆಗೆ 43,560 ಚದರಡಿ. ಸಾಲು ಎರಡಡಿ ಇದ್ದರೆ ಟಿಲ್ಲರ್ ಹಿಂದೆ ನಡೆಯಬೇಕಾದ್ದು 21,780 ಅಡಿ, ಅಂದರೆ ಹೆಚ್ಚು ಕಡಿಮೆ ಆರೂವರೆ ಕಿಲೋಮೀಟರು. ಗಂಟೆಗೆ ಎರಡು ಕಿಲೋಮೀಟರಿನಂತೆ ಮೂರೂಕಾಲು ಗಂಟೆ, ತಿರುಗಿಸುವುದು, ಹುಲ್ಲು ಬಿಡಿಸುವುದು ಸೇರಿ ಮೂರೂವರೆ ಎನ್ನಿ. ಮೆಕ್ಕೆಜೋಳಕ್ಕೆ ಕಳೆ ಕಾಟ ಕೊಡುವುದು ಬಿತ್ತಿದ ಎರಡು ವಾರದಿಂದ ಆರು ವಾರದ ತನಕ. ಅಷ್ಟರೊಳಗೆ ಎಲ್ಲರಿಗೂ ಬೇಕು. ದಿನಕ್ಕೆ ಎಂಟು ಗಂಟೆ ಓಡಿದರೂ ಇಪ್ಪತ್ತೈದು ದಿನಕ್ಕೆ ಇನ್ನೂರು ಗಂಟೆ.

ಒಂದು ಮಧ್ಯಾಹ್ನ ಎಂಜಿನ್ ಕಟಕಟ ಸದ್ದು ಮಾಡಿ ನಿಂತಿತು. ಹಗ್ಗ ಎಳೆದರೆ ಜಗ್ಗಲಿಲ್ಲ. ಪೇಟೆಗೆ ಒಯ್ದೆವು. ಮೆಕ್ಯಾನಿಕ್ ಕೆಳಗಿನ ಬೋಲ್ಟು ಬಿಚ್ಚಿದ. ಬಂದದ್ದು ಆಯಿಲ್ಲಲ್ಲ, ಕಾಡಿಗೆಯಂಥ ಒಂದು ಲೋಟ ಗಸಿ. ಏರ್ ಕ್ಲೀನರಿನ ಸ್ಪಂಜು ಧೂಳು ತುಂಬಿ ಇಟ್ಟಿಗೆಯಾಗಿತ್ತು. ಪಿಸ್ಟನ್ ಹಿಡಿದುಕೊಂಡಿತ್ತು. "ಎಷ್ಟು ಗಂಟೆ ಓಡಿದೆ?" ಎಂದು ಕೇಳಿದ. ಯಾರಿಗೂ ಗೊತ್ತಿಲ್ಲ. ಕಾರ್ಯದರ್ಶಿಗಳು ಬಾಡಿಗೆ ರಸೀದಿ ಕೂಡಿಸಿ ನೋಡಿದರು, 205 ಗಂಟೆ. ಬೀರುವಿನ ಪುಸ್ತಕ ತೆಗೆಸಿ ಹೈಸ್ಕೂಲು ಮೇಷ್ಟ್ರಿಂದ ಓದಿಸಿದೆ. ಮೊದಲ 20 ಗಂಟೆಗೆ ಆಯಿಲ್ ಬದಲಿಸಬೇಕು, ಆಮೇಲೆ ಪ್ರತಿ 50 ಗಂಟೆಗೆ. ಅಂದರೆ ನಾಲ್ಕು ಸಲ ಆಗಬೇಕಿತ್ತು. ಒಂದು ಸಲವೂ ಆಗಿರಲಿಲ್ಲ. ಒಬ್ಬರದೇ ಯಂತ್ರವಾಗಿದ್ದರೆ ಐವತ್ತು ಗಂಟೆ ತುಂಬಲು ಅವರಿಗೆ ಮೂರು ನಾಲ್ಕು ವರ್ಷ ಬೇಕು. ನಮ್ಮಲ್ಲಿ ವಾರಕ್ಕೆ ತುಂಬಿತು. ಒಯ್ದ ಪ್ರತಿಯೊಬ್ಬನೂ ಎಂಟು ಗಂಟೆ ಓಡಿಸಿ, ಸಂಘದವರು ಆಯಿಲ್ ನೋಡಿರುತ್ತಾರೆ ಎಂದುಕೊಂಡ. ಸಂಘದವರು ಅಂದರೆ ನಾನು. ನಾನು, ಒಯ್ದವರು ನೋಡಿರುತ್ತಾರೆ ಎಂದುಕೊಂಡೆ.

ಬಿಡಿಭಾಗ ಬಂದು ರಿಪೇರಿಯಾಗಲು ತಿಂಗಳ ಮೇಲೆ ಹಿಡಿಯಿತು. ಹಣ ಹೋದದ್ದು ದೊಡ್ಡದಲ್ಲ. ಪಾಳಿಯಲ್ಲಿ ಮುಂದಿನವರು ಒಬ್ಬ ಸದಸ್ಯೆ, ಎರಡೂವರೆ ಎಕರೆಯವರು, ಗಂಡನಿಲ್ಲ. ಸಂಘದ ಯಂತ್ರ ಬರುತ್ತದೆಂದು ಕೂಲಿಗೆ ಯಾರನ್ನೂ ಹೇಳಿರಲಿಲ್ಲ. ನಿಂತ ಮೇಲೆ ಆಳು ಹುಡುಕಿದರೆ ಎಲ್ಲರೂ ಬೇರೆಯವರ ಹೊಲಕ್ಕೆ ಮಾತು ಕೊಟ್ಟಿದ್ದರು. ಮೇಲೆ ಒಂದು ವಾರ ಜಡಿಮಳೆ. ಆ ಹೊಲ ನಾನು ನೋಡಿದಾಗ ಮೊಣಕಾಲೆತ್ತರ ಕಳೆಯ ನಡುವೆ ಜೋಳ ಹಳದಿಯಾಗಿ ನಿಂತಿತ್ತು. ಆ ವರ್ಷ ಅವರಿಗೆ ಬಂದದ್ದು ಹಿಂದಿನ ವರ್ಷದ ಅರ್ಧ. ಬೆಳೆಸಾಲವನ್ನು ಮಾತ್ರ ಮಾರ್ಚಿಯೊಳಗೆ ಪೂರ್ತಿ ಕಟ್ಟಿದರು, ಕಿವಿಯೋಲೆ ಅಡ ಇಟ್ಟು. ನನಗೆ ಒಂದು ಮಾತೂ ಆಡಲಿಲ್ಲ. ವಾರ್ಷಿಕ ಸಭೆಯಲ್ಲಿ ಯಂತ್ರ ಮಾರಿಬಿಡಿ ಎಂದು ಕೂಗಾಡಿದವರೆಲ್ಲ ಅದರಿಂದ ಏನೂ ಕಳೆದುಕೊಳ್ಳದವರು.

ಮಾರಲಿಲ್ಲ. ಕೀಲಿಕೈ ಒಬ್ಬರ ಕೈಯಲ್ಲಿ ಮಾತ್ರ ಇರತಕ್ಕದ್ದು, ಅವರಿಗೆ ಗಂಟೆಯ ಬಾಡಿಗೆಯಲ್ಲಿ ಪಾಲು ಕೊಡತಕ್ಕದ್ದು ಎಂದು ಠರಾವಾಯಿತು. ಊರಿನ ಒಬ್ಬ ಐ.ಟಿ.ಐ. ಹುಡುಗ ಒಪ್ಪಿಕೊಂಡ. ಅವನು ಮಾಡುವುದನ್ನು ಇಲ್ಲಿ ಬರೆದರೆ ಸ್ವಂತಕ್ಕೆ ಟಿಲ್ಲರ್ ತಂದವರಿಗೂ ಉಪಯೋಗವಾದೀತು. ಬೆಳಿಗ್ಗೆ ಯಂತ್ರವನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ನೋಡುತ್ತಾನೆ. ಓರೆ ನೆಲದಲ್ಲಿ ನೋಡಿದರೆ ಕಡ್ಡಿ ಸುಳ್ಳು ಹೇಳುತ್ತದೆ. ಆಯಿಲ್ ಬದಲಿಸುವುದು ಎಂಜಿನ್ ಬಿಸಿ ಇದ್ದಾಗ, ಗಸಿಯೂ ಜೊತೆಗೆ ಇಳಿಯಲಿ ಅಂತ. ಏರ್ ಕ್ಲೀನರಿನ ಸ್ಪಂಜನ್ನು ಧೂಳಿನ ದಿನಗಳಲ್ಲಿ ಪ್ರತಿ ಸಂಜೆ ಸೋಪುನೀರಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಸವರಿ ಕೂರಿಸುತ್ತಾನೆ. ಒಣ ಸ್ಪಂಜಿನಲ್ಲಿ ಧೂಳು ದಾಟಿ ಒಳಗೆ ಹೋಗುತ್ತದೆ, ನಮ್ಮ ಎಂಜಿನ್ನನ್ನು ಅರ್ಧ ಕೊಂದದ್ದು ಅದೇ. ಸಾಲಿನ ಕೊನೆಯಲ್ಲಿ ಅಲಗಿನ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು, ನಾರು ಬಿಡಿಸಲೇಬೇಕು. ಬಿಟ್ಟರೆ ಅದು ಬಿಗಿದು ಬಿಗಿದು ಸೀಲನ್ನು ಕತ್ತರಿಸಿ ಗೇರ್ ಆಯಿಲ್ ಸೋರುತ್ತದೆ. ಬಿಡಿಸುವಾಗ ಎಂಜಿನ್ ಆರಿಸಿ, ಪ್ಲಗ್ಗಿನ ವಯರ್ ಕಿತ್ತಿಡಿ. ಕ್ಲಚ್ ಬಿಟ್ಟಿದ್ದೇನಲ್ಲ ಎಂದು ಕೈ ಹಾಕಿದವರ ಬೆರಳು ಹೋದದ್ದುಂಟು. ಅಲಗು ಬದಲಿಸಿದಾಗ ಹರಿತದ ಕಡೆ ತಿರುಗುವ ದಿಕ್ಕಿಗೆ ಮುಂದಿರಬೇಕು. ನಾನೇ ಒಮ್ಮೆ ಎಡದ್ದು ಬಲಕ್ಕೆ ಹಾಕಿ, ಯಂತ್ರ ಕುದುರೆಯ ಹಾಗೆ ಕುಣಿಯುವುದೇಕೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಹಂಗಾಮು ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ಇಳಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ನಿಲ್ಲುವ ತನಕ ಓಡಿಸಬೇಕು. ಇಲ್ಲದಿದ್ದರೆ ಮುಂದಿನ ಮುಂಗಾರಿಗೆ ಅದು ಅಂಟಾಗಿ ಹಗ್ಗ ಎಳೆದು ಭುಜ ಹೋಗುತ್ತದೆ.

ಓಡಿಸುವ ಬಗೆ ಅಪ್ಪ ಹೇಳಿದ್ದೇ. ಹಿಂದಿನ ಆಳದ ಕಡ್ಡಿಯನ್ನು ಎತ್ತರಿಸಿ ಎರಡು ಅಂಗುಲಕ್ಕೆ ನಿಲ್ಲಿಸಿ, ಹಿಡಿ ಒತ್ತಬೇಡಿ. ಒತ್ತಿದಷ್ಟೂ ಆಳಕ್ಕಿಳಿದು ಬೇರು ಕತ್ತರಿಸುತ್ತದೆ. ಕಳೆ ಎರಡೆಲೆ ಇದ್ದಾಗ ಹೋಗಿ. ಮೊಣಕಾಲಿಗೆ ಬಂದ ಮೇಲೆ ಯಂತ್ರಕ್ಕೂ ಕಷ್ಟ ನಿಮಗೂ ಕಷ್ಟ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ತಟ್ಟಿದರೆ ಉದುರಬೇಕು. ಅಂಟಿದರೆ ಎರಡು ದಿನ ತಡೆಯಿರಿ. ಶೇಂಗಾದಲ್ಲಿ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಮಣ್ಣಿಗಿಳಿಯಲು ಶುರುವಾದ ಮೇಲೆ ಯಾವ ಕುಂಟೆಯೂ ಒಳಗೆ ಹೋಗಕೂಡದು. ಇನ್ನು ಗರಿಕೆ, ಜೇಕು ಇರುವ ಹೊಲಕ್ಕೆ ದಯವಿಟ್ಟು ಟಿಲ್ಲರ್ ಕೇಳಬೇಡಿ. ಎಡೆಕುಂಟೆ ಬೇರನ್ನು ಒಂದು ಸಲ ಕತ್ತರಿಸುತ್ತದೆ, ಟಿಲ್ಲರ್ ಗರಿಕೆಯ ಕುಡಿಯನ್ನು ಹತ್ತು ತುಂಡು ಮಾಡಿ ಹೊಲದ ತುಂಬ ನೆಡುತ್ತದೆ, ಜೇಕಿನ ಗಡ್ಡೆಯ ಸರವನ್ನು ಬಿಡಿಬಿಡಿಯಾಗಿಸಿ ಹರಡುತ್ತದೆ. ಒಬ್ಬರ ಹೊಲದ ಗರಿಕೆ ಅಲಗಿನಲ್ಲೇ ಕೂತು ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ, ಸಂಘದ ಯಂತ್ರಕ್ಕೆ ಇದೊಂದು ಹೊಸ ರೋಗ. ಅದಕ್ಕೇ ಹೊಲದಿಂದ ಹೊಲಕ್ಕೆ ಹೋಗುವಾಗ ಅಲಗು ತೊಳೆಯತಕ್ಕದ್ದೆಂದು 2019ರಲ್ಲಿ ನಿಯಮ ಸೇರಿಸಿದೆವು.

2021ರಲ್ಲಿ ಎರಡನೆಯ ಟಿಲ್ಲರ್ ಬಂತು. ಇದರ ಅಲಗಿನ ಅಗಲವನ್ನು ಒಂದಡಿಗೆ ಇಳಿಸಬಹುದು. ಹೊರಗಿನ ಅಲಗುಗಳನ್ನು ಬಿಚ್ಚಿಟ್ಟರೆ ಒಂದೂವರೆ ಅಡಿ ಸಾಲಿನ ಸೂರ್ಯಕಾಂತಿಗೂ ಹೋಗುತ್ತದೆ. ರಾಗಿ ಬೆಳೆಯುವವರಿಗೆ ಈಗಲೂ ಆ ಮೂರು ಜೋಡಿ ಎತ್ತೇ ಗತಿ. ಎತ್ತಿನವರ ಎಡೆ ಬಾಡಿಗೆಯನ್ನು ಸಾಲದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೇ ಎಂಬ ಅರ್ಜಿ ಆಡಳಿತ ಮಂಡಳಿಯ ಮುಂದಿದೆ, ನಾನು ಪರವಾಗಿದ್ದೇನೆ.

ಶೆಡ್ಡಿನ ಬಾಗಿಲಿಗೆ ದಾರದಲ್ಲಿ ಕಟ್ಟಿದ ಒಂದು ನೋಟ್‌ಬುಕ್ ಇದೆ. ಒಯ್ದವರ ಹೆಸರು, ಹೊತ್ತು, ತಂದ ಹೊತ್ತು, ಒಟ್ಟು ಗಂಟೆ. ಐವತ್ತು ತುಂಬಿದ ಕಡೆ ಕೆಂಪು ಗೆರೆ, ಗೆರೆಯ ಕೆಳಗೆ ಆಯಿಲ್ ಹಾಕಿದವರ ಸಹಿ. ಪಾಳಿಯ ಪಟ್ಟಿ ಮಾಡುವಾಗ ಪ್ರತಿ ಮುಂಗಾರಿಗೂ ಮೊದಲನೆಯ ಹೆಸರು ಆ ಎರಡೂವರೆ ಎಕರೆಯ ಸದಸ್ಯೆಯದು. ಹಾಗೆಂದು ಯಾವ ಠರಾವಿನಲ್ಲೂ ಬರೆದಿಲ್ಲ. ಕಾರ್ಯದರ್ಶಿಗಳು ಬರೆಯುತ್ತಾರೆ, ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.